ಕಿಡಿಯ ಗದ್ದಲ ಒಳಗೆ ನುಗ್ಗಿದ್ದು ಎಲ್ಲಿಂದ? 50 ಸಿಸಿ ಪೆಟ್ರೋಲ್ ಮಾದರಿ ವಿಮಾನದ ದುರಸ್ತಿ ಟಿಪ್ಪಣಿ

ವಿಮಾನದ ರೆಕ್ಕೆ ತುದಿಯಿಂದ ತುದಿಗೆ 2.2 ಮೀಟರ್. ಎಂಜಿನ್ 50 ಸಿಸಿ, ಒಂದೇ ಸಿಲಿಂಡರ್, ಎರಡು ಸ್ಟ್ರೋಕ್. ಇಗ್ನಿಷನ್ ಸಿಡಿಐ (ಕೆಪ್ಯಾಸಿಟರ್ ಖಾಲಿಯಾಗಿ ಕಿಡಿ ಹಾರಿಸುವ ಬಗೆ), ಪ್ಲಗ್ ಎನ್‌ಜಿಕೆ ಸಿಎಂ-6, ರೇಡಿಯೊ 2.4 ಗಿಗಾಹರ್ಟ್ಸ್. ಬಾಲದಲ್ಲಿ ಮೂರು ಡಿಜಿಟಲ್ ಸರ್ವೊ (ರೇಡಿಯೊ ಆಜ್ಞೆಯಂತೆ ಫಲಕಗಳನ್ನು ಆಡಿಸುವ ಪುಟ್ಟ ಮೋಟಾರು), ರೆಕ್ಕೆಯಲ್ಲಿ ಎರಡು, ಥ್ರಾಟಲ್‌ಗೆ ಒಂದು. ರಿಸೀವರ್‌ಗೂ ಇಗ್ನಿಷನ್‌ಗೂ ಬೇರೆ ಬೇರೆ ಬ್ಯಾಟರಿ.

ದೂರು ಹೀಗಿತ್ತು: ಎಂಜಿನ್ ನಿಂತಿರುವಾಗ ಎಲ್ಲ ಸರ್ವೊಗಳೂ ಶಾಂತ. ಐಡಲ್‌ನಲ್ಲಿ ಆಗೊಮ್ಮೆ ಈಗೊಮ್ಮೆ ಎಲಿವೇಟರ್ (ಮೂಗನ್ನು ಮೇಲೆ-ಕೆಳಗೆ ಮಾಡುವ ಬಾಲದ ಫಲಕ) ಸಣ್ಣಗೆ ಮಿಡಿಯುತ್ತದೆ. ವೇಗ 2,500 ಆರ್‌ಪಿಎಂ ದಾಟಿದರೆ ಎಲಿವೇಟರ್ ಮತ್ತು ರಡ್ಡರ್ (ಎಡ-ಬಲಕ್ಕೆ ತಿರುಗಿಸುವ ಬಾಲದ ಫಲಕ) ಎರಡೂ ಬಿಡದೆ ಅದುರುತ್ತವೆ. ರೆಕ್ಕೆಯ ಫಲಕಗಳಾದ ಏಲರಾನ್‌ಗಳು ಮಾತ್ರ ಅಲುಗುವುದಿಲ್ಲ. ವಿಮಾನ ತನ್ನ ಸ್ಥಿತಿಯನ್ನು ತಿಳಿಸುವ ಟೆಲಿಮೆಟ್ರಿಯಲ್ಲಿ ಫ್ರೇಮ್ ಲಾಸ್ (ತಪ್ಪಿಹೋದ ರೇಡಿಯೊ ಸಂದೇಶ) ಬೆರಳೆಣಿಕೆಯಷ್ಟು, ಹೋಲ್ಡ್ (ಸಂಪರ್ಕ ಕಡಿದದ್ದು) ಸೊನ್ನೆ.

ಇಂಥ ದೂರು ಬಂದ ಕೂಡಲೇ ರಿಸೀವರ್‌ಗೆ ಅಲ್ಯೂಮಿನಿಯಂ ಹಾಳೆ ಸುತ್ತುವುದು, ಸಿಕ್ಕ ತಂತಿಗೆಲ್ಲ ಫೆರೈಟ್ ಎಂಬ ಕಾಂತೀಯ ಉಂಗುರ ಸಿಕ್ಕಿಸುವುದು, ಕೊನೆಗೆ ರಿಸೀವರನ್ನೇ ಬದಲಿಸುವುದು ರೂಢಿ. ಈ ಮೂರರಲ್ಲಿ ಯಾವುದನ್ನೂ ಮೊದಲು ಮಾಡಬಾರದು. ಸರ್ವೊ ಅದುರುವುದಕ್ಕೆ ಕನಿಷ್ಠ ನಾಲ್ಕು ಕಾರಣ ಇರಬಹುದು: ರೇಡಿಯೊ ಸಂಕೇತವೇ ಕೆಡುತ್ತಿರಬಹುದು, ರಿಸೀವರ್ ದಾಟಿದ ಮೇಲೆ ಸರ್ವೊ ತಂತಿಗೆ ಗದ್ದಲ (ಬೇಡದ ವಿದ್ಯುತ್ ಸಂಕೇತ) ಹತ್ತುತ್ತಿರಬಹುದು, ವೋಲ್ಟೇಜ್ ಕುಸಿಯುತ್ತಿರಬಹುದು, ಇಲ್ಲವೇ ಎಂಜಿನ್ನಿನ ನಡುಕಕ್ಕೆ ಯಾವುದೋ ಕನೆಕ್ಟರ್ ಸಡಿಲವಾಗಿರಬಹುದು. ನಾಲ್ಕೂ ಹೊರಗೆ ಒಂದೇ ಥರ ಕಾಣುತ್ತವೆ, ಮದ್ದು ಮಾತ್ರ ನಾಲ್ಕಕ್ಕೂ ಬೇರೆ. ಮೊದಲು ಬೇರ್ಪಡಿಸಬೇಕು, ಆಮೇಲೆ ಕೈ ಹಾಕಬೇಕು.

ಟೆಲಿಮೆಟ್ರಿ ಹೇಳಿದ್ದು

ಈ ದೂರಿನಲ್ಲೇ ಎರಡು ಸುಳಿವು ಅಡಗಿದ್ದವು. ಸರ್ವೊ ಬಿಡದೆ ಅದುರುತ್ತಿದೆ, ಆದರೆ ಫ್ರೇಮ್‌ಗಳು ಹೆಚ್ಚೇನೂ ತಪ್ಪುತ್ತಿಲ್ಲ. ಸ್ಪೆಕ್ಟ್ರಮ್ ಎಂಬ ತಯಾರಕರ ರೇಡಿಯೊ ವ್ಯವಸ್ಥೆಯಲ್ಲಿ ಸತತ 45 ಫ್ರೇಮ್ ತಪ್ಪಿದರೆ ಒಂದು ಹೋಲ್ಡ್ ಎಂದು ದಾಖಲಾಗುತ್ತದೆ. ಬೇರೆ ತಯಾರಕರಲ್ಲಿ ಎಣಿಸುವ ಬಗೆ ಬೇರೆ ಇದ್ದರೂ ಅರ್ಥ ಒಂದೇ. ರಿಸೀವರ್‌ಗೆ ಟ್ರಾನ್ಸ್‌ಮಿಟರಿನ ಮಾತು ಸರಿಯಾಗಿಯೇ ಕೇಳಿಸುತ್ತಿದೆ. ಹಾಗಾದರೆ ಕೆಡುತ್ತಿರುವುದು ರಿಸೀವರ್‌ನಿಂದ ಹೊರಟ ಮೇಲೆ. ಇನ್ನೊಂದು ಸುಳಿವು ಏಲರಾನ್‌ಗಳ ಮೌನ. ರಿಸೀವರ್ ಒಂದೇ, ಬ್ಯಾಟರಿ ಒಂದೇ, ಸರ್ವೊ ಮಾದರಿಯೂ ಒಂದೇ. ಆದರೂ ಬಾಲಕ್ಕೆ ಮಾತ್ರ ಕಾಯಿಲೆ ಎಂದರೆ, ಬಾಲದ ತಂತಿಗಳು ಯಾವ ದಾರಿಯಲ್ಲಿ ಹೋಗಿವೆ ಎಂದು ನೋಡಲೇಬೇಕು.

2.4 ಗಿಗಾಹರ್ಟ್ಸ್ ಬಂದ ಮೇಲೆ ಇಗ್ನಿಷನ್ ಗದ್ದಲದ ಚಿಂತೆಯೇ ಇಲ್ಲ ಎಂಬ ಮಾತು ಅರ್ಧ ಮಾತ್ರ ನಿಜ. ಸಿಡಿಐ ಪೆಟ್ಟಿಗೆಯೊಳಗೆ ಒಂದು ಕೆಪ್ಯಾಸಿಟರ್ ನೂರಾರು ವೋಲ್ಟ್‌ಗೆ ತುಂಬಿಕೊಂಡು ಒಮ್ಮೆಲೇ ಕಾಯಿಲ್ ಮೂಲಕ ಖಾಲಿಯಾಗುತ್ತದೆ. ಕಾಯಿಲ್ ಅದನ್ನು ಹಲವು ಸಾವಿರ ವೋಲ್ಟ್‌ಗೆ ಏರಿಸುತ್ತದೆ. ಪ್ಲಗ್ಗಿನ ಸಂದಿಯಲ್ಲಿ ಕಿಡಿ ಹಾರುವ ಗಳಿಗೆಯಲ್ಲಿ ಕರೆಂಟು ಏರುವುದು ನ್ಯಾನೊಸೆಕೆಂಡುಗಳ ಲೆಕ್ಕದಲ್ಲಿ. ಅಷ್ಟು ಚೂಪಾದ ಏರಿಕೆ ಕೆಲವು ಮೆಗಾಹರ್ಟ್ಸ್‌ನಿಂದ ನೂರಾರು ಮೆಗಾಹರ್ಟ್ಸ್‌ವರೆಗೆ ಗದ್ದಲ ಚೆಲ್ಲುತ್ತದೆ. 2.4 ಗಿಗಾಹರ್ಟ್ಸ್ ತಲುಪುವಷ್ಟರಲ್ಲಿ ಅದರ ಕಸುವು ಬಹಳ ಇಳಿದಿರುತ್ತದೆ, ಹಾಗಾಗಿ ರಿಸೀವರಿನ ಆಂಟೆನಾಗೆ ಅದರ ಬಾಧೆ ಕಡಿಮೆ. ಆದರೆ ಬಾಲಕ್ಕೆ ಹೋಗುವ ಸರ್ವೊ ತಂತಿ ಸುಮಾರು ಒಂದು ಮೀಟರ್ ಉದ್ದ. ಒಂದು ಮೀಟರ್ ತಂತಿ ಎಂದರೆ 72-75 ಮೆಗಾಹರ್ಟ್ಸ್‌ಗೆ ಕಾಲು ತರಂಗಾಂತರ. ಹಳೆಯ 72 ಮೆಗಾಹರ್ಟ್ಸ್ ರಿಸೀವರ್‌ಗಳ ಆಂಟೆನಾ ಇದ್ದದ್ದೂ ಸರಿಸುಮಾರು ಇಷ್ಟೇ ಉದ್ದ. ರೇಡಿಯೊ ಬದಲಾದರೂ ಆ ಆಂಟೆನಾ ಸರ್ವೊ ತಂತಿಯ ರೂಪದಲ್ಲಿ ವಿಮಾನದೊಳಗೆ ಉಳಿದೇ ಇದೆ. ಅದರ ಮೇಲೆ ಓಡುವ ಸಂಕೇತ 1ರಿಂದ 2 ಮಿಲಿಸೆಕೆಂಡ್ ಅಗಲದ, ಸಾಮಾನ್ಯವಾಗಿ 3.3 ವೋಲ್ಟ್ ಎತ್ತರದ ಪಲ್ಸ್. ಅದರ ಅಂಚಿನ ಮೇಲೆ ಗದ್ದಲದ ಮುಳ್ಳು ಬಿದ್ದರೆ ಸರ್ವೊ ಪಲ್ಸಿನ ಅಗಲವನ್ನು ತಪ್ಪಾಗಿ ಓದಿ ಹಂದಾಡುತ್ತದೆ.

ನಡುಕವನ್ನೂ ಕಿಡಿಯನ್ನೂ ಬೇರ್ಪಡಿಸುವ ಡ್ರಿಲ್ ಪರೀಕ್ಷೆ

ಎಂಜಿನ್ ಓಡುವಾಗ ಕಿಡಿಯೂ ಹಾರುತ್ತದೆ, ವಿಮಾನವೂ ನಡುಗುತ್ತದೆ. ಯಾವುದು ತಪ್ಪಿತಸ್ಥ ಎಂದು ಹಾಗೆ ಗೊತ್ತಾಗುವುದಿಲ್ಲ. ಎಂಜಿನ್ ಓಡಿಸದೆ ಕಿಡಿ ಮಾತ್ರ ಹಾರಿಸಿದರೆ ಗೊತ್ತಾಗುತ್ತದೆ. ಅದಕ್ಕೆ ಬೇಕಾದ್ದು ಒಂದು ಕೈ ಡ್ರಿಲ್, 60 ಮಿ.ಮೀ. ವ್ಯಾಸದ 10 ಮಿ.ಮೀ. ದಪ್ಪದ ಪ್ಲೈವುಡ್ ಚಕ್ರ, 4 ಅಥವಾ 5 ಮಿ.ಮೀ.ನ ಒಂದು ನಿಯೋಡಿಮಿಯಂ ಮ್ಯಾಗ್ನೆಟ್, ನಡುವೆ ತೂರಿಸಲು ಒಂದು 6 ಮಿ.ಮೀ. ಬೋಲ್ಟ್. ಮ್ಯಾಗ್ನೆಟ್ಟನ್ನು ಚಕ್ರದ ಅಂಚಿನಲ್ಲಿ ತೂತು ಕೊರೆದು ಒಳಗೆ ಇಳಿಸಿ ಎಪಾಕ್ಸಿಯಲ್ಲಿ ಕೂರಿಸಿ, ಮೇಲೊಂದು ಸುತ್ತು ದಾರ ಬಿಗಿದು ಅದಕ್ಕೂ ಎಪಾಕ್ಸಿ ಹಚ್ಚಿ. ಎದುರು ಬದಿಗೆ ಅಷ್ಟೇ ತೂಕದ ಹಿತ್ತಾಳೆ ಸ್ಕ್ರೂ ಹಾಕಿ. ಕಬ್ಬಿಣದ್ದು ಬೇಡ. ಮ್ಯಾಗ್ನೆಟ್ ಸಿಡಿದರೆ ನೇರ ಮುಖಕ್ಕೆ ಬರುತ್ತದೆ, ಆದ್ದರಿಂದ ಕನ್ನಡಕ ಇಲ್ಲದೆ ಡ್ರಿಲ್ ಒತ್ತಬೇಡಿ.

ಮೊದಲು ಟ್ಯಾಂಕ್ ಖಾಲಿ ಮಾಡಿ ಅದನ್ನು ಕೋಣೆಯಿಂದ ಹೊರಗಿಡಿ, ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲನ್ನೂ ಆರಿಸಿ. ತೆರೆದ ಗಾಳಿಯಲ್ಲಿ ಕಿಡಿ ಹಾರಿಸುವ ಕೆಲಸ ಇದು, ಪೆಟ್ರೋಲ್ ವಾಸನೆ ಬರುತ್ತಿದ್ದರೆ ಮುಟ್ಟಬೇಡಿ. ಆಮೇಲೆ ಕ್ರ್ಯಾಂಕ್‌ಕೇಸ್ ಮೇಲಿನ ಹಾಲ್ ಸೆನ್ಸರನ್ನು (ಮ್ಯಾಗ್ನೆಟ್ ಹಾದಾಗ ಸಿಡಿಐಗೆ ಕಿಡಿಯ ಸೂಚನೆ ಕೊಡುವ ಭಾಗ) ಬಿಚ್ಚಿ ಮರದ ತುಂಡಿಗೆ ಕಟ್ಟಿ. ಪ್ಲಗ್ ತಂತಿಯ ತುದಿಯ ಕ್ಯಾಪ್‌ಗೆ ಒಂದು ಹಳೆಯ ಪ್ಲಗ್ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈಯನ್ನು ದಪ್ಪ ತಂತಿಯಿಂದ ಎಂಜಿನ್ನಿಗೆ ಬಿಗಿಯಾಗಿ ಜೋಡಿಸಿ. ಪ್ಲಗ್ ಇಲ್ಲದೆ, ಇಲ್ಲವೇ ಪ್ಲಗ್ಗಿನ ಮೈಯನ್ನು ಎಂಜಿನ್ನಿಗೆ ಜೋಡಿಸದೆ ಸಿಡಿಐಗೆ ಕಿಡಿ ಹಾರಿಸಲು ಹೇಳಿದರೆ ಆ ಸಾವಿರಾರು ವೋಲ್ಟ್ ಪೆಟ್ಟಿಗೆಯೊಳಗೇ ದಾರಿ ಹುಡುಕಿಕೊಂಡು ಅದನ್ನು ಸುಟ್ಟುಹಾಕುತ್ತದೆ.

ಇಲ್ಲಿ ಒಂದು ವಿಷಯ ಹಲವರ ಕಣ್ಣು ತಪ್ಪುತ್ತದೆ. ಸಿಲಿಂಡರಿನೊಳಗೆ ಒತ್ತಿದ ಗಾಳಿಯಲ್ಲಿ ಕಿಡಿ ಹಾರಲು ಬೇಕಾಗುವ ವೋಲ್ಟೇಜ್, ಹೊರಗಿನ ಗಾಳಿಯಲ್ಲಿ ಬೇಕಾಗುವುದಕ್ಕಿಂತ ಬಹಳ ಹೆಚ್ಚು. ತೆರೆದ ಗಾಳಿಗೆ ಮಿಲಿಮೀಟರಿಗೆ ಸುಮಾರು 3 ಕಿಲೋವೋಲ್ಟ್ ಎಂಬುದು ಸ್ಥೂಲ ಲೆಕ್ಕ. 0.5 ಮಿ.ಮೀ. ಸಂದಿ ಮೇಜಿನ ಮೇಲೆ ಸುಲಭವಾಗಿ ಹಾರಿಬಿಡುತ್ತದೆ, ಗದ್ದಲವೂ ಸಣ್ಣದು, ‘ಎಲ್ಲ ಸರಿ ಇದೆ’ ಎಂಬ ಸುಳ್ಳು ಸಮಾಧಾನ ಸಿಗುತ್ತದೆ. ಆದ್ದರಿಂದ ಪರೀಕ್ಷೆಯ ಪ್ಲಗ್ಗಿನ ಸಂದಿಯನ್ನು 2 ಮಿ.ಮೀ.ವರೆಗೆ ತೆರೆಯಬೇಕು. ಅದಕ್ಕಿಂತ ಹೆಚ್ಚು ಬೇಡ. ಆ ಪ್ಲಗ್ ಮತ್ತೆ ಎಂಜಿನ್ನಿಗೆ ಹೋಗದಂತೆ ಬಣ್ಣ ಹಚ್ಚಿ ಗುರುತು ಮಾಡಿಡಿ.

ಡ್ರಿಲ್ ಬಗ್ಗೆಯೂ ಒಂದು ಮಾತು. ಬ್ರಷ್ ಇರುವ ಡ್ರಿಲ್ಲಿನ ಮೋಟಾರೇ ಕಿಡಿ ಕಾರುತ್ತದೆ. ಇಗ್ನಿಷನ್ ಆಫ್ ಇಟ್ಟು, ರಿಸೀವರ್ ಆನ್ ಮಾಡಿ, ಡ್ರಿಲ್ ಮಾತ್ರ ಓಡಿಸಿ ನೋಡಿ. ಸರ್ವೊ ಶಾಂತವಾಗಿದ್ದರೆ ಮುಂದುವರಿಯಿರಿ, ಇಲ್ಲದಿದ್ದರೆ ಬೇರೆ ಡ್ರಿಲ್ ಹುಡುಕಿ. ಸರ್ವೊ ಚಲನೆ ಕಣ್ಣಿಗೆ ಕಾಣುವಂತೆ ಎಲಿವೇಟರ್, ರಡ್ಡರ್ ಮತ್ತು ಏಲರಾನ್‌ಗಳ ಹಿಂಬದಿಯ ಅಂಚಿಗೆ 20 ಸೆಂ.ಮೀ. ಉದ್ದದ ತೆಳುಕಡ್ಡಿ ಅಂಟಿಸಿದರೆ ಅರ್ಧ ಮಿಲಿಮೀಟರ್ ಮಿಡಿತವೂ ತಪ್ಪಿಸಿಕೊಳ್ಳುವುದಿಲ್ಲ.

ಚಕ್ರವನ್ನು ಸೆನ್ಸರಿನಿಂದ 2-3 ಮಿ.ಮೀ. ದೂರದಲ್ಲಿ ತಿರುಗಿಸಿ. ಕಿಡಿ ಬರದಿದ್ದರೆ ಮ್ಯಾಗ್ನೆಟ್ಟಿನ ಮುಖ ತಿರುಗಮುರುಗ ಆಗಿರುತ್ತದೆ. ಈ ಸೆನ್ಸರ್‌ಗಳು ಸಾಮಾನ್ಯವಾಗಿ ಒಂದು ಧ್ರುವಕ್ಕೆ ಮಾತ್ರ ಓಗೊಡುತ್ತವೆ. 2,500 ಆರ್‌ಪಿಎಂ ಎಂದರೆ ಸೆಕೆಂಡಿಗೆ ಸುಮಾರು 42 ಕಿಡಿ.

ಫಲಿತಾಂಶ ಕೂಡಲೇ ಸಿಕ್ಕಿತು. ವಿಮಾನ ಮೇಜಿನ ಮೇಲೆ ಅಲುಗದೆ ಕೂತಿತ್ತು, ಎಲಿವೇಟರ್ ಮತ್ತು ರಡ್ಡರ್‌ಗೆ ಕಟ್ಟಿದ ಕಡ್ಡಿಗಳು ಕಿಡಿಯ ತಾಳಕ್ಕೆ ಅದುರಿದವು. ಏಲರಾನ್ ಕಡ್ಡಿ ನಿಶ್ಚಲ. ನಡುಕದ ಪಾತ್ರ ಇಲ್ಲವೆಂದು ಅಲ್ಲಿಗೆ ಇತ್ಯರ್ಥವಾಯಿತು, ಕಾಯಿಲೆ ವಿದ್ಯುತ್ತಿನದೇ. ಇದರ ಉಲ್ಟಾ ಆಗಿದ್ದರೆ, ಅಂದರೆ ಮೇಜಿನ ಮೇಲೆ ಶಾಂತ, ಎಂಜಿನ್ ಓಡುವಾಗ ಮಾತ್ರ ಅದುರು, ಆಗ ಪ್ಲಗ್ಗಿನ ಕಡೆ ತಿರುಗಿ ನೋಡುವುದೂ ಬೇಡ. ಕನೆಕ್ಟರ್‌ಗಳ ಪಿನ್, ಸ್ವಿಚ್, ಸರ್ವೊ ಒಳಗಿನ ಪೊಟೆನ್ಶಿಯೊಮೀಟರಿನ ಸವೆತ, ಹಳೆಯ ಸೆಟ್ ಆದರೆ ಸಾಕೆಟ್‌ನಲ್ಲಿ ಕೂತ ಕ್ರಿಸ್ಟಲ್, ಇವನ್ನು ಹುಡುಕಬೇಕಾಗುತ್ತಿತ್ತು.

ತಂತಿಗಳ ದಾರಿ

ಮೇಲಿನ ಮುಚ್ಚಳ ತೆರೆದಾಗ ಮೊದಲ ತಪ್ಪು ಕಣ್ಣೆದುರೇ ಇತ್ತು. ಮೂಗು ಭಾರವಾಗದಿರಲಿ ಎಂದು ಇಗ್ನಿಷನ್ ಬ್ಯಾಟರಿಯನ್ನು ಹಿಂದಕ್ಕೆ, ರಿಸೀವರ್ ಪಕ್ಕಕ್ಕೆ ತಂದಿಡಲಾಗಿತ್ತು. ಅಲ್ಲಿಂದ ಎಂಜಿನ್ ಕೂರುವ ಫೈರ್‌ವಾಲ್ ಹಲಗೆಗೆ ಹೋಗುವ 40 ಸೆಂ.ಮೀ. ತಂತಿಯನ್ನು ಬಾಲದ ಸರ್ವೊ ತಂತಿಗಳ ಜೊತೆ ಅಚ್ಚುಕಟ್ಟಾಗಿ ಜಿಪ್-ಟೈ ಹಾಕಿ ಕಟ್ಟಿದ್ದರು. ನೋಡಲು ಚೆಂದ, ಆದರೆ ಮಾಡಬಾರದ ಕೆಲಸ. ಸಿಡಿಐ ಪ್ರತಿ ಕಿಡಿಗೂ ಬ್ಯಾಟರಿಯಿಂದ ಕರೆಂಟನ್ನು ಗುಟುಕು ಗುಟುಕಾಗಿ ಎಳೆಯುತ್ತದೆ, ಕಿಡಿಯ ಗದ್ದಲವೂ ಅದೇ ತಂತಿಯಲ್ಲಿ ಹಿಂದಕ್ಕೆ ಬರುತ್ತದೆ. ಪಕ್ಕದಲ್ಲೇ 40 ಸೆಂ.ಮೀ. ಸಮಾನಾಂತರ ಓಡುವ ಸರ್ವೊ ತಂತಿಗೆ ಅದು ನೇರವಾಗಿ ದಾಟುತ್ತದೆ. ಏಲರಾನ್ ತಂತಿಗಳು ರಿಸೀವರ್‌ನಿಂದ ಸೀದಾ ರೆಕ್ಕೆಯೊಳಕ್ಕೆ ಹೋಗಿದ್ದವು, ಇಗ್ನಿಷನ್ ತಂತಿಯ ಹತ್ತಿರವೇ ಸುಳಿದಿರಲಿಲ್ಲ. ಅವುಗಳ ಮೌನಕ್ಕೆ ಕಾರಣ ಅದು.

ಡ್ರಿಲ್ ಓಡುತ್ತಿರುವಂತೆಯೇ ಟೈಗಳನ್ನು ಕತ್ತರಿಸಿ, ಇಗ್ನಿಷನ್ ತಂತಿಯನ್ನು 15 ಸೆಂ.ಮೀ. ಆಚೆ ಹಿಡಿದಾಗ ರಡ್ಡರ್ ಕಡ್ಡಿ ನಿಂತೇಬಿಟ್ಟಿತು, ಎಲಿವೇಟರ್ ಮಿಡಿತ ಸಣ್ಣದಾಯಿತು. ಪೂರ್ತಿ ನಿಲ್ಲಲಿಲ್ಲ. ಹೀಗೆ ಅರ್ಧ ವಾಸಿಯಾದಾಗ ‘ಸಾಕು’ ಎಂದು ಮುಚ್ಚಿಬಿಡುವ ಆಸೆ ಹುಟ್ಟುತ್ತದೆ. ಉಳಿದರ್ಧ ಹಾರಾಟದಲ್ಲಿ ಬೆಳೆಯುತ್ತದೆಯೇ ಹೊರತು ತಾನಾಗಿ ಹೋಗುವುದಿಲ್ಲ.

ಕೆಲಸ: ಇಗ್ನಿಷನ್ ಬ್ಯಾಟರಿ, ಸ್ವಿಚ್, ಸಿಡಿಐ ಪೆಟ್ಟಿಗೆ ಮೂರನ್ನೂ ಎಂಜಿನ್ ಪೆಟ್ಟಿಗೆಯ ಭಾಗಕ್ಕೆ ಸರಿಸಲಾಯಿತು. ತೂಕ ಸರಿದೂಗಿಸಲು ರಿಸೀವರ್ ಬ್ಯಾಟರಿಯನ್ನು ಹಿಂದಕ್ಕೆ ಒಯ್ದದ್ದಾಯಿತು. ಇಗ್ನಿಷನ್‌ಗೆ ಸೇರಿದ ಯಾವುದೇ ವಸ್ತುವಿಗೂ ರೇಡಿಯೊಗೆ ಸೇರಿದ ಯಾವುದೇ ವಸ್ತುವಿಗೂ ನಡುವೆ 30 ಸೆಂ.ಮೀ. ಇರಲಿ ಎಂಬುದು ಹಳೆಯ ನಿಯಮ, 2.4 ಗಿಗಾಹರ್ಟ್ಸ್ ಬಂದ ಮೇಲೂ ಪಾಲಿಸತಕ್ಕದ್ದು. ಎರಡು ಸ್ವಿಚ್‌ಗಳನ್ನು ಅಕ್ಕಪಕ್ಕ ಕೂರಿಸುವುದು ಈ ನಿಯಮವನ್ನು ಗೊತ್ತಿಲ್ಲದೆ ಮುರಿಯುವ ಸಾಮಾನ್ಯ ದಾರಿ. ತಂತಿಗಳು ದಾಟಲೇಬೇಕಾದಲ್ಲಿ ಲಂಬಕೋನದಲ್ಲಿ ದಾಟಿಸಿ. ಇಗ್ನಿಷನ್ನಿನ ಪ್ಲಸ್-ಮೈನಸ್ ತಂತಿಗಳನ್ನು ಒಂದಕ್ಕೊಂದು ಹುರಿ ಮಾಡಿದರೆ ಅವು ಚೆಲ್ಲುವ ಗದ್ದಲ ಇನ್ನೂ ತಗ್ಗುತ್ತದೆ.

ಟ್ರಾನ್ಸ್‌ಮಿಟರ್‌ನಿಂದ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಇದ್ದರೆ ಅದನ್ನು ವಿಶೇಷವಾಗಿ ನೋಡಿ. ರಿಸೀವರ್ ಮತ್ತು ಇಗ್ನಿಷನ್ ಎರಡನ್ನೂ ಮುಟ್ಟುವ ಏಕೈಕ ಭಾಗ ಅದು. ಬೆಳಕಿನ ಮೂಲಕ ಸಂಕೇತ ದಾಟಿಸುವ ಆಪ್ಟಿಕಲ್ ಬಗೆಯದಾದರೆ ಎರಡೂ ಕಡೆಯ ಮೈನಸ್ ತಂತಿಗಳ ನಡುವೆ ಮಲ್ಟಿಮೀಟರ್ ಸಂಪರ್ಕ ತೋರಿಸಬಾರದು. ತೋರಿಸಿದರೆ ಎಲ್ಲೋ ಮೈನಸ್‌ಗಳು ಸೇರಿಕೊಂಡಿವೆ, ಎರಡು ಬ್ಯಾಟರಿ ಇಟ್ಟ ಶ್ರಮವೆಲ್ಲ ದಂಡ. ಈ ವಿಮಾನದಲ್ಲಿ ಅದು ಸರಿಯಾಗಿತ್ತು.

ಪ್ಲಗ್ ಕ್ಯಾಪ್ ಮತ್ತು ಹೆಣಿಗೆಯ ಕವಚ

ಉಳಿದ ಮಿಡಿತದ ಮೂಲ ಹುಡುಕಲು ಒಂದು ಚಿಕ್ಕ ಎಎಂ ರೇಡಿಯೊ ಸಾಕು. ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿ, ಡ್ರಿಲ್ಲಿನಿಂದ ಕಿಡಿ ಹಾರಿಸುತ್ತ, ರೇಡಿಯೊವನ್ನು ಪ್ಲಗ್ ತಂತಿಯ ಉದ್ದಕ್ಕೂ 10 ಸೆಂ.ಮೀ. ಅಂತರದಲ್ಲಿ ಒಯ್ಯಿರಿ. ತಂತಿಗೆ ಕೈ ತಾಗಿಸಬೇಡಿ. ಕವಚ ಗಟ್ಟಿಯಾಗಿರುವಲ್ಲಿ ಪಟಪಟ ಸದ್ದು ಸಣ್ಣಗಿರುತ್ತದೆ, ಸೋರುವಲ್ಲಿ ಏರುತ್ತದೆ. ಪರೀಕ್ಷೆಗೆ ತೆರೆದಿಟ್ಟ ಪ್ಲಗ್ಗಿನ ಸಂದಿಯೇ ದೊಡ್ಡ ಸದ್ದು ಮಾಡುವುದರಿಂದ, ಪ್ಲಗ್ಗನ್ನು ಎಂಜಿನ್ನಿಗೆ ಜೋಡಿಸಿದ ಒಂದು ತಗಡಿನ ಡಬ್ಬಿಯೊಳಗೆ, ಅದರ ಮೈ ಡಬ್ಬಿಗೆ ತಾಗುವಂತೆ ಇಟ್ಟರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಇಲ್ಲಿ ಸದ್ದು ಏರಿದ್ದು ಕ್ಯಾಪ್‌ನ ಕುತ್ತಿಗೆಯ ಬಳಿ.

ಪ್ಲಗ್ ತಂತಿಯ ಮೇಲಿನ ಲೋಹದ ಹೆಣಿಗೆಗೆ ಎರಡು ಕೆಲಸ. ಗದ್ದಲವನ್ನು ಒಳಗೇ ಹಿಡಿದಿಡುವುದು ಎಲ್ಲರಿಗೂ ತಿಳಿದಿರುವ ಕೆಲಸ. ಮರದ ಫೈರ್‌ವಾಲ್ ಮೇಲೆ ಕೂತ ಎಂಜಿನ್ನಿಗೂ ಸಿಡಿಐ ಪೆಟ್ಟಿಗೆಗೂ ನಡುವೆ ಬೇರೆ ಲೋಹದ ಸಂಪರ್ಕ ಇರುವುದಿಲ್ಲ. ಕಿಡಿಯ ಕರೆಂಟು ಪೆಟ್ಟಿಗೆಗೆ ಮರಳಿ ಬರುವುದೂ ಇದೇ ಹೆಣಿಗೆಯ ಮೂಲಕವೇ. ಹೆಣಿಗೆ ಕಡಿದರೆ ಆ ಕರೆಂಟು ಸೆನ್ಸರ್ ತಂತಿಯ ದಾರಿ ಹಿಡಿಯುತ್ತದೆ, ಗದ್ದಲ ಹಲವು ಪಟ್ಟಾಗುತ್ತದೆ. ಕಾರಣವೇ ಇಲ್ಲದೆ ಹಾಲ್ ಸೆನ್ಸರ್ ಕೆಟ್ಟಿತು ಎನ್ನುವ ಕಡೆ ಮೊದಲು ಈ ಹೆಣಿಗೆಯನ್ನು ನೋಡಿ.

ಇಗ್ನಿಷನ್ ಬ್ಯಾಟರಿ ಬಿಚ್ಚಿ, ಮಲ್ಟಿಮೀಟರನ್ನು 200 ಓಮ್‌ಗೆ ಇಟ್ಟು, ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿ ಅವುಗಳದೇ ರೋಧ ನೋಡಿಕೊಳ್ಳಿ. ಸಾಮಾನ್ಯವಾಗಿ 0.2 ಓಮ್ ಆಸುಪಾಸು ಇರುತ್ತದೆ, ಅದನ್ನು ಕಳೆಯಬೇಕು. ಕ್ಯಾಪ್‌ನ ಲೋಹಕ್ಕೆ ಒಂದು ಕಡ್ಡಿ, ಪೆಟ್ಟಿಗೆಯ ಬಳಿಯ ಹೆಣಿಗೆಗೆ ಇನ್ನೊಂದು. 1 ಓಮ್‌ಗಿಂತ ಕಡಿಮೆ ಬರಬೇಕು, ತಂತಿಯನ್ನು ಬಗ್ಗಿಸಿದಾಗ, ತಿರುಚಿದಾಗ ಅಂಕಿ ಅಲುಗಬಾರದು. ಇಲ್ಲಿ ನೆಟ್ಟಗೆ ಹಿಡಿದಾಗ 0.4 ಓಮ್, ಕ್ಯಾಪ್ ಸ್ವಲ್ಪ ತಿರುಗಿಸಿದರೆ ಒಮ್ಮೆಲೇ 30ಕ್ಕೆ, ಇನ್ನಷ್ಟು ತಿರುಗಿಸಿದರೆ ಪೂರ್ತಿ ತೆರೆದ ಸರ್ಕ್ಯೂಟ್. ತಂತಿಯನ್ನು ಅಲುಗಿಸದೆ ಅಳೆದಿದ್ದರೆ 0.4 ನೋಡಿ ಪಾಸು ಮಾಡಿಬಿಡುತ್ತಿದ್ದೆವು.

ಕುತ್ತಿಗೆಯ ಹೀಟ್-ಶ್ರಿಂಕ್ ಸೀಳಿದಾಗ ಹೆಣಿಗೆಯ ಎಳೆಗಳು ಒತ್ತುಬಳೆಯ ಅಂಚಿನಲ್ಲೇ ಮುರಿದು ನಿಂತಿದ್ದವು. ಕ್ಯಾಪ್‌ನಿಂದ ಹೊರಟ ತಂತಿ ಎಲ್ಲೂ ಆಸರೆ ಇಲ್ಲದೆ 12 ಸೆಂ.ಮೀ. ಜೋತಾಡುತ್ತಿತ್ತು. ಎಂಜಿನ್ನಿನ ನಡುಕವೆಲ್ಲ ಆ ಒಂದು ಅಂಚಿನಲ್ಲಿ ಮಡಚಿ ಮಡಚಿ ಎಳೆಗಳು ದಣಿದು ಕಡಿದಿವೆ.

ದುರಸ್ತಿ ಹೀಗೆ ಆಯಿತು. ಮುರಿದ ಎಳೆಗಳನ್ನು ಕತ್ತರಿಸಿ, ಹೆಣಿಗೆಯನ್ನು ಹಿಂದಿನಿಂದ ಒತ್ತಿ ಸಡಿಲಿಸಿದರೆ ಅದು ಅಗಲವಾಗಿ 15 ಮಿ.ಮೀ.ನಷ್ಟು ಮುಂದಕ್ಕೆ ಜಾರುತ್ತದೆ. ಕ್ಯಾಪ್‌ನ ಕುತ್ತಿಗೆಯನ್ನು ನುಣುಪು ಎಮರಿಯಿಂದ ಹೊಳೆಯುವಂತೆ ಉಜ್ಜಿ, ಹೆಣಿಗೆಯನ್ನು ಅದರ ಮೇಲೆ ಸುತ್ತಲೂ ಸಮವಾಗಿ ಹರಡಿ, 0.5 ಮಿ.ಮೀ. ತಾಮ್ರದ ತಂತಿಯಲ್ಲಿ ಒತ್ತೊತ್ತಾಗಿ ಹತ್ತು ಸುತ್ತು ಬಿಗಿದು, ಮೇಲೆ ಚಿಕ್ಕ ಹೋಸ್ ಕ್ಲಿಪ್ ಹಾಕಲಾಯಿತು. ಬೆಸುಗೆ ಹಾಕುವ ಯೋಚನೆ ಸಹಜ, ಆದರೆ ಬೇಡ. ಅಷ್ಟು ಲೋಹ ಕಾಯುವಷ್ಟರಲ್ಲಿ ಒಳಗಿನ ನಿರೋಧಕ ಕೆಡಬಹುದು, ಮೇಲಾಗಿ ಬೆಸುಗೆ ಹೀರಿದ ಹೆಣಿಗೆ ಕಡ್ಡಿಯಂತೆ ಗಡುಸಾಗಿ ಅದರ ಅಂಚಿನಲ್ಲೇ ಮತ್ತೆ ಮುರಿಯುತ್ತದೆ. ಹೆಣಿಗೆಯ ಒಂದು ಎಳೆಯೂ ಒಳಗಿನ ತಂತಿಯ ಕಡೆ ಚುಚ್ಚಿಕೊಳ್ಳದಂತೆ ನೋಡಿ, ಅಂಟು ಇರುವ ಹೀಟ್-ಶ್ರಿಂಕ್ ಮೇಲೆ ಎಳೆದಾಯಿತು. ಈಗ ಹೇಗೆ ತಿರುಚಿದರೂ 0.1 ಓಮ್.

ಕ್ಯಾಪ್‌ನ ಒಳಗೆ ಪ್ಲಗ್ಗಿನ ಆರುಮೂಲೆಯನ್ನು ಹಿಡಿಯುವ ಸ್ಪ್ರಿಂಗ್ ಬಳೆ ಇರುತ್ತದೆ. ಹೆಣಿಗೆಯಿಂದ ಎಂಜಿನ್ನಿಗೆ ಸಂಪರ್ಕ ಅಲ್ಲೇ ಆಗುವುದು. ಕ್ಯಾಪ್ ಒತ್ತಿದಾಗ ‘ಟಕ್’ ಎಂದು ಕೂರಬೇಕು, ಕೀಳಲು ಬಲ ಬೇಕು. ಎರಡು ಬೆರಳಲ್ಲಿ ಕಳಚಿ ಬಂದರೆ ಬಳೆ ಸೋತಿದೆ, ಬದಲಿಸಿ. ಆರುಮೂಲೆಯ ಮೇಲಿನ ಸುಟ್ಟ ಎಣ್ಣೆಯನ್ನೂ ಸ್ಪಿರಿಟ್ ಹಾಕಿ ಒರೆಸಿ. ಕ್ಯಾಪ್‌ನಿಂದ 4 ಸೆಂ.ಮೀ. ದೂರದಲ್ಲಿ ಎಂಜಿನ್ನಿಗೇ, ಮತ್ತೆ ಫೈರ್‌ವಾಲ್ ಬಳಿ ಇನ್ನೊಮ್ಮೆ ತಂತಿಗೆ ಆಸರೆ ಕೊಡಲಾಯಿತು. ಹೆಣಿಗೆ ಲೋಹಕ್ಕೆ ಉಜ್ಜುವ ಕಡೆ ಸುರುಳಿ ಪ್ಲಾಸ್ಟಿಕ್ ಸುತ್ತಬೇಕು, ಏಕೆಂದರೆ ತಾಗಿ-ಬಿಟ್ಟು-ತಾಗುವ ಲೋಹವೂ ಗದ್ದಲದ ಮೂಲವೇ. ಇಷ್ಟರ ಮೇಲೆ ಕ್ರ್ಯಾಂಕ್‌ಕೇಸ್ ಬೋಲ್ಟ್‌ನಿಂದ ಪೆಟ್ಟಿಗೆ ಬಳಿಯ ಹೆಣಿಗೆಗೆ ಒಂದು ಪ್ರತ್ಯೇಕ ತಂತಿ ಜೋಡಿಸಿದರೆ, ಮುಂದೆ ಎಂದಾದರೂ ಕ್ಯಾಪ್ ಸಡಿಲವಾದರೂ ಸೆನ್ಸರ್ ಬದುಕುತ್ತದೆ.

ಎಂಜಿನ್ನಿಗೆ ಹೋಗುವ ಪ್ಲಗ್ಗಿನ ಸಂದಿ 0.45ರಿಂದ 0.5 ಮಿ.ಮೀ. ಇಲ್ಲಿದ್ದದ್ದು ಸವೆದು 0.7 ಆಗಿತ್ತು. ಸಂದಿ ಹೆಚ್ಚಾದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು, ಗದ್ದಲವೂ ಸೋರಿಕೆಯೂ ಹೆಚ್ಚು. ದೊಡ್ಡ ಸಂದಿ, ದೊಡ್ಡ ಕಿಡಿ, ಒಳ್ಳೆಯ ಎಂಜಿನ್ ಎಂಬ ನಂಬಿಕೆಯನ್ನು ಇಲ್ಲಿ ಬಿಡಬೇಕು.

ಮತ್ತೆ ಡ್ರಿಲ್ ಪರೀಕ್ಷೆ. ಆರೂ ಸರ್ವೊಗಳು ಶಾಂತ. ಫೆರೈಟ್ ಉಂಗುರ ಕೈಗೆ ಬಂದದ್ದು ಇದಾದ ಮೇಲೆ. ಬಾಲದ ಮೂರು ತಂತಿಗಳಿಗೆ ರಿಸೀವರ್ ಕಡೆ ತಲಾ ಮೂರು ಸುತ್ತು. ಮೂಲವನ್ನು ಸರಿಪಡಿಸದೆ ಹಾಕಿದ ಫೆರೈಟ್ ಕಾಯಿಲೆಯನ್ನು ಮುಚ್ಚಿಡುತ್ತದೆ, ಸರಿಪಡಿಸಿ ಹಾಕಿದ್ದು ಮುಂದಿನ ಸವೆತವನ್ನು ತಾಳಲು ಒಂದಿಷ್ಟು ಅವಕಾಶ ಬಿಡುತ್ತದೆ.

ಮ್ಯಾಗ್ನೆಟೊ ಎಂಜಿನ್ ಆದರೆ

ಬ್ಯಾಟರಿ ಇಲ್ಲದೆ, ತಿರುಗುವ ಮ್ಯಾಗ್ನೆಟ್ಟಿನಿಂದಲೇ ಕಿಡಿ ಹಾರಿಸುವುದು ಮ್ಯಾಗ್ನೆಟೊ. ಹುಲ್ಲು ಕತ್ತರಿಸುವ ಯಂತ್ರದಿಂದ ಪರಿವರ್ತಿಸಿದ ಇಂಥ ಎಂಜಿನ್‌ಗಳಲ್ಲಿ ಪ್ಲಗ್ ತಂತಿಗೆ ಹೆಣಿಗೆಯ ಕವಚವೇ ಇರುವುದಿಲ್ಲ. ಅಲ್ಲಿ ರೆಸಿಸ್ಟರ್ ಪ್ಲಗ್ ಮೊದಲ ಮದ್ದು. ಎನ್‌ಜಿಕೆ ಬಿಪಿಎಂ7ಎ ಬದಲು ಬಿಪಿಎಂಆರ್7ಎ, ಚಾಂಪಿಯನ್ ಸಿಜೆ7ವೈ ಬದಲು ಆರ್‌ಸಿಜೆ7ವೈ. ಹೆಸರಿನಲ್ಲಿರುವ ‘ಆರ್’ ಅಕ್ಷರವೇ ಗುರುತು. ಮಲ್ಟಿಮೀಟರಿನಲ್ಲಿ ಪ್ಲಗ್ಗಿನ ತುದಿಯಿಂದ ನಡು ಎಲೆಕ್ಟ್ರೋಡ್‌ಗೆ ಅಳೆದರೆ ಸುಮಾರು 5 ಕಿಲೋ ಓಮ್ ಬರಬೇಕು. ಮ್ಯಾಗ್ನೆಟೊ ನಿಲ್ಲಿಸುವ ಕಿಲ್ ತಂತಿಯನ್ನು ಜನ ನಿರ್ಲಕ್ಷಿಸುತ್ತಾರೆ. ಅದು ಕಾಯಿಲ್‌ನ ಪ್ರೈಮರಿಗೇ ಅಂಟಿಕೊಂಡಿದೆ, ನೂರಾರು ವೋಲ್ಟ್ ಮುಳ್ಳು ಅದರ ಮೇಲೆ ಓಡುತ್ತದೆ. ಸ್ವಿಚ್ಚನ್ನು ಫೈರ್‌ವಾಲ್ ಮೇಲೆಯೇ ಕೂರಿಸಿ, ತಂತಿ 10 ಸೆಂ.ಮೀ. ಮೀರದಿರಲಿ.

ಥ್ರಾಟಲ್ ಲಿಂಕೇಜ್ ವಿಷಯ ಎರಡು ಬಗೆಯ ಎಂಜಿನ್ನಿಗೂ ಒಂದೇ. ಕಾರ್ಬುರೇಟರ್‌ನಿಂದ ಸರ್ವೊವರೆಗೆ ಲೋಹದ ಕಡ್ಡಿ ಹಾಕಿದರೆ ಗದ್ದಲವನ್ನು ಕೈಹಿಡಿದು ಒಳಗೆ ಕರೆತಂದಂತೆ. ನೈಲಾನ್ ಕಡ್ಡಿ ಹಾಕಿ, ಕಾರ್ಬುರೇಟರಿನ ಲೋಹದ ತೋಳಿಗೆ ನೈಲಾನ್ ಬಾಲ್ ಲಿಂಕ್ ಬಳಸಿ. ಇನ್ನೂ 35 ಅಥವಾ 72 ಮೆಗಾಹರ್ಟ್ಸ್ ಸೆಟ್ ಬಳಸುವವರಿಗೆ ಇದು ಆಯ್ಕೆಯಲ್ಲ, ಕಡ್ಡಾಯ. ಬಾಲದ ಬಿಗಿತಂತಿಗಳು, ಹಿಂಗಾಲಿಯ ಸ್ಪ್ರಿಂಗ್, ಲೋಹದ ಹಾರ್ನ್‌ನಲ್ಲಿ ಸಡಿಲವಾಗಿ ಆಡುವ ಲೋಹದ ಕ್ಲೆವಿಸ್, ಇವೆಲ್ಲ ಆ ಆವರ್ತನಗಳಲ್ಲಿ ಗದ್ದಲ ಎಬ್ಬಿಸುತ್ತವೆ.

ವೋಲ್ಟೇಜ್

ಗದ್ದಲ ನಿಂತ ಮೇಲೆ ಟ್ರಾನ್ಸ್‌ಮಿಟರಿನ ಎಲ್ಲ ನಿಯಂತ್ರಣ ಕಡ್ಡಿಗಳನ್ನೂ ಒಟ್ಟಿಗೆ ಜೋರಾಗಿ ಆಡಿಸಿದಾಗ ಟೆಲಿಮೆಟ್ರಿಯ ಕನಿಷ್ಠ ವೋಲ್ಟೇಜ್ 4.1ಕ್ಕೆ ಇಳಿದದ್ದು ಕಂಡಿತು. ಬ್ಯಾಟರಿಯಲ್ಲೇ ಅಳೆದರೆ 6.4. ಹಲವು ರಿಸೀವರ್‌ಗಳು 3.5 ವೋಲ್ಟ್ ಆಸುಪಾಸಿನಲ್ಲಿ ಸ್ಥಗಿತಗೊಳ್ಳುತ್ತವೆ, ಹಾಗಾಗಿ ಇದು ಅಪಾಯದ ಅಂಚು. ಮಾಮೂಲಿ ಮಲ್ಟಿಮೀಟರ್ ಈ ಕ್ಷಣಿಕ ಕುಸಿತವನ್ನು ಹಿಡಿಯುವುದಿಲ್ಲ. ಕನಿಷ್ಠ ಮೌಲ್ಯ ನೆನಪಿಡುವ ಮೀಟರ್ ಇಲ್ಲವೇ ಟೆಲಿಮೆಟ್ರಿ ಬೇಕು.

ಲೆಕ್ಕ ಹಾಕಿ ನೋಡಿ. 22 ಗೇಜ್ ತಂತಿಗೆ ಮೀಟರಿಗೆ 53 ಮಿಲಿ ಓಮ್. 60 ಸೆಂ.ಮೀ. ತಂತಿಯಲ್ಲಿ ಹೋಗಿ ಬರುವ ದಾರಿ 1.2 ಮೀಟರ್, ಅಂದರೆ 64 ಮಿಲಿ ಓಮ್. 4 ಆಂಪಿಯರ್‌ಗೆ ಕಾಲು ವೋಲ್ಟ್ ಮಾತ್ರ ನಷ್ಟ. 2.3 ವೋಲ್ಟ್ ಕುಸಿತಕ್ಕೆ ತಂತಿ ಕಾರಣವಲ್ಲ, ಎಲ್ಲೋ ಕೆಟ್ಟ ಸಂಪರ್ಕ ಇದೆ. ಸಿಕ್ಕಿದ್ದು ಜಾರು ಸ್ವಿಚ್ಚಿನಲ್ಲಿ, ಒಳಗಿನ ಎಲೆಗಳು ನಡುಕಕ್ಕೆ ಸವೆದು ಕಪ್ಪಾಗಿದ್ದವು. ಸಂಪರ್ಕ ತಪ್ಪಿದರೂ ‘ಆನ್’ ಆಗಿಯೇ ಉಳಿಯುವ ಎಲೆಕ್ಟ್ರಾನಿಕ್ ಸ್ವಿಚ್ ಹಾಕಿ, 20 ಗೇಜ್ ತಂತಿಯಲ್ಲಿ ರಿಸೀವರ್‌ಗೆ ಎರಡು ಪ್ರತ್ಯೇಕ ಕನೆಕ್ಟರ್ ಮೂಲಕ ವಿದ್ಯುತ್ ಕೊಟ್ಟಾಗ ಕನಿಷ್ಠ 6.0 ಬಂತು.

ಇಂಥಲ್ಲಿ ರಿಸೀವರಿನ ಖಾಲಿ ಜಾಗಕ್ಕೆ 4,700 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್ ಸಿಕ್ಕಿಸುವ ಸಲಹೆ ಕೇಳಿಬರುತ್ತದೆ. 4 ಆಂಪಿಯರ್ ಎಳೆತದಲ್ಲಿ ಅದು ಅರ್ಧ ವೋಲ್ಟ್ ಇಳಿಯಲು ತೆಗೆದುಕೊಳ್ಳುವ ಸಮಯ 0.6 ಮಿಲಿಸೆಕೆಂಡ್. ಚೂಪು ಮುಳ್ಳನ್ನು ಅದು ಮೊಂಡು ಮಾಡೀತು, ಸವೆದ ಸ್ವಿಚ್ಚಿಗೆ ಅದು ಮದ್ದಲ್ಲ.

ಕೊನೆಯ ಪರೀಕ್ಷೆ

ಆಂಟೆನಾಗಳನ್ನು ಒಮ್ಮೆ ನೋಡಿಕೊಳ್ಳಿ. ಕೆಲಸ ಮಾಡುವುದು ತುದಿಯ 31 ಮಿ.ಮೀ. ಮಾತ್ರ, ಅದು 2.4 ಗಿಗಾಹರ್ಟ್ಸ್‌ನ ಕಾಲು ತರಂಗಾಂತರ. ಎರಡು ತುದಿಗಳೂ ಒಂದಕ್ಕೊಂದು ಲಂಬವಾಗಿ, ಕಾರ್ಬನ್ ಫೈಬರ್, ಪೆಟ್ರೋಲ್ ಟ್ಯಾಂಕ್, ಸೈಲೆನ್ಸರ್‌ಗಳಿಂದ ದೂರವಾಗಿ ಇರಲಿ.

ರೇಂಜ್ ಪರೀಕ್ಷೆಗೆ ತಯಾರಕರು ಹೇಳಿದ ಕಡಿಮೆ ಶಕ್ತಿಯ ಸ್ಥಿತಿ ಮತ್ತು ದೂರ ಬಳಸಿ, ಸಾಮಾನ್ಯವಾಗಿ ಅದು 30 ಹೆಜ್ಜೆ. ಮೊದಲು ಎಂಜಿನ್ ನಿಲ್ಲಿಸಿ, ನಿಯಂತ್ರಣ ತಪ್ಪುವ ದೂರವನ್ನು ಗುರುತಿಸಿ. ಆಮೇಲೆ ವಿಮಾನವನ್ನು ಗೂಟಕ್ಕೆ ಕಟ್ಟಿ, ಹಿಡಿಯುವವರು ಪ್ರೊಪೆಲರಿನ ಹಿಂದೆಯೇ ನಿಂತು, ಐಡಲ್, ಅರ್ಧ, ಪೂರ್ತಿ ಮೂರೂ ಥ್ರಾಟಲ್‌ನಲ್ಲಿ ಅದೇ ದೂರ ಅಳೆಯಿರಿ. ಒಂದೊಂದು ಸಲವೂ ಮೂಗು, ಬಾಲ, ಪಕ್ಕ ನಿಮ್ಮ ಕಡೆ ಬರುವಂತೆ ತಿರುಗಿಸಿ ನೋಡಿ. ಎಂಜಿನ್ ಓಡುವಾಗ ದೂರ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಕುಗ್ಗಿದರೆ ಹಾರಿಸಬೇಡಿ. ಟ್ರಾನ್ಸ್‌ಮಿಟರ್ ಆಫ್ ಮಾಡಿ, ಸಂಪರ್ಕ ಕಡಿದಾಗಿನ ಫೇಲ್‌ಸೇಫ್ ವ್ಯವಸ್ಥೆ ಥ್ರಾಟಲನ್ನು ಐಡಲ್‌ಗೆ ಇಳಿಸುತ್ತದೆಯೇ ಎಂಬುದನ್ನೂ ಆಗಲೇ ಖಚಿತಪಡಿಸಿಕೊಳ್ಳಿ.

ಈ ವಿಮಾನದಲ್ಲಿ ಎಂಜಿನ್ ನಿಂತಾಗಿನ ದೂರಕ್ಕೂ ಪೂರ್ತಿ ಥ್ರಾಟಲ್‌ನ ದೂರಕ್ಕೂ ಎರಡು ಹೆಜ್ಜೆಯ ವ್ಯತ್ಯಾಸ ಬಂತು. ಹೋಲ್ಡ್ ಸೊನ್ನೆ, ಎಲಿವೇಟರ್ ಕಡ್ಡಿ ಅಲುಗಲಿಲ್ಲ. ಪ್ರತಿ 10 ಗಂಟೆ ಓಟಕ್ಕೊಮ್ಮೆ ಕ್ಯಾಪ್‌ನಿಂದ ಪೆಟ್ಟಿಗೆಯವರೆಗಿನ ಹೆಣಿಗೆಯ ರೋಧವನ್ನು, ತಂತಿಯನ್ನು ತಿರುಚುತ್ತ, ಅಳೆದು ಬರೆದಿಡಬೇಕು. ಮೊದಲ ನಮೂದು: 0.1 ಓಮ್.